ಬಾಣಂತಿಯನ್ನು ಒಂದು ಮಾತು ಕೇಳಿ: ಬಳ್ಳಾರಿ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳೇ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳೇ,

ನಮಸ್ಕಾರ.

ನಾನು ಬಳ್ಳಾರಿಯ ಕೌಲ್ ಬಜಾರಿನ ಸೊಸೆ, ಸಿಂಧನೂರು ತಾಲ್ಲೂಕಿನ ಮಗಳು. ನಮ್ಮ ಮನೆಯವರು ಎಂಟು ಮಷಿನ್ ಇಟ್ಟುಕೊಂಡು ಜೀನ್ಸ್ ಹೊಲಿಸುತ್ತಾರೆ. ನಮ್ಮ ಮಗಳು ಹುಟ್ಟಿದ್ದು 2021ರ ಮೇ ತಿಂಗಳ ಮೂರನೆಯ ವಾರದಲ್ಲಿ. ಆಗ ನಮ್ಮ ಮನೆಯೊಳಗೆ ನಡೆದದ್ದನ್ನು ನಾಲ್ಕು ವರ್ಷ ಹೊರಗಿನವರ ಮುಂದೆ ಬಾಯಿ ಬಿಟ್ಟು ಹೇಳಿರಲಿಲ್ಲ. ಕಳೆದ ತಿಂಗಳು ನಮ್ಮ ಓಣಿಯ ಇನ್ನೊಬ್ಬ ಬಾಣಂತಿಯನ್ನು ನೋಡಲು ಹೋದಾಗ ಅವಳ ಕಣ್ಣಿನಲ್ಲಿ ನನ್ನ ಅಂದಿನ ನೋಟವೇ ಕಂಡಿತು. ಅದಕ್ಕೇ ಬರೆಯುತ್ತಿದ್ದೇನೆ. ಅವಳ ತಾಯಿ ಕಾರ್ಡನ್ನು ತಿರುವಿ ನೋಡಿದೆ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಕಬ್ಬಿಣಾಂಶದ ಮಾತ್ರೆ, ಕೂಸಿನ ಲಸಿಕೆ ಎಲ್ಲವೂ ತುಂಬಿದ್ದವು. ಅವಳ ಮನಸ್ಸಿನ ಬಗ್ಗೆ ಒಂದು ಅಕ್ಷರವೂ ಕಾಣಲಿಲ್ಲ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಕುಬಸ ಮಾಡಿ ಮಡಿಲು ತುಂಬಿ ಕರೆದುಕೊಂಡು ಹೋಗುತ್ತಾರೆ. ಅವ್ವ ಆ ವರ್ಷ ಯುಗಾದಿ ಮುಗಿದ ಕೂಡಲೇ ಅಂಟು, ಅಳವಿ, ಒಣಕೊಬ್ಬರಿ ತಂದಿಟ್ಟಿದ್ದಳು. ಏಪ್ರಿಲ್ ಕೊನೆಗೆ ಕೋವಿಡ್‌ನಿಂದಾಗಿ ರಾಜ್ಯದಲ್ಲಿ ಬಿಗಿ ನಿರ್ಬಂಧ ಬಂತು, ಮೇ 10ರಿಂದ ಪೂರ್ತಿ ಲಾಕ್‌ಡೌನ್. ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಓಡಾಟ ಬಂದ್. ತುಂಗಭದ್ರೆಯ ಈಚೆ ನಾನು, ಆಚೆ ಅವ್ವ. ನಡುವೆ ಒಂದು ಸೇತುವೆ, ಅದರ ಮೇಲೆ ಪೊಲೀಸರು. ಹೆರಿಗೆ ತುರ್ತು ಎಂದು ಒಪ್ಪುತ್ತಿದ್ದರು, ಬಾಣಂತನವನ್ನು ತುರ್ತು ಎಂದು ಒಪ್ಪುವವರು ಯಾರೂ ಇರಲಿಲ್ಲ. ನಾನು ಬಸುರಿಯಾಗಿದ್ದಾಗ ಬಸುರಿಯರಿಗೆ ಕೋವಿಡ್ ಲಸಿಕೆಯೂ ಇರಲಿಲ್ಲ. ಅದಕ್ಕೆ ಅನುಮತಿ ಬಂದದ್ದು ಜುಲೈನಲ್ಲಿ.

ಹೆರಿಗೆಯಾದ ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಅಲ್ಲಿಯ ದಾದಿಯರ ಮೇಲೆ ನನಗೆ ಸಿಟ್ಟಿಲ್ಲ. ಬಳ್ಳಾರಿಯ ಮೇ ತಿಂಗಳಲ್ಲಿ ಮೈತುಂಬ ಪಿಪಿಇ ಕಿಟ್ ಹಾಕಿಕೊಂಡು, ಕೈಗವಸಿನೊಳಗೆ ಬೆವರು ತುಂಬಿಕೊಂಡು ನಿಂತಿದ್ದರು. ಆದರೆ ಜೊತೆಗೆ ಒಬ್ಬರನ್ನೂ ಒಳಗೆ ಬಿಡಲಿಲ್ಲ. ಮೂಗಿನ ದ್ರವ ತೆಗೆದುಕೊಂಡು, ವರದಿ ಬರುವವರೆಗೆ ಬೇರೆ ಕೋಣೆಯಲ್ಲಿ ಮಲಗಿಸಿದರು. ನೋವು ಹತ್ತಿದಾಗ ಹಿಡಿದುಕೊಳ್ಳಲು ಮಂಚದ ಕಬ್ಬಿಣದ ಸರಳು ಇತ್ತು. ಪಕ್ಕದ ಮಂಚದಲ್ಲಿ ಗಡಿಯಾಚೆಯ ಊರಿನ ತೆಲುಗು ಹುಡುಗಿಯೊಬ್ಬಳು ರಾತ್ರಿಯೆಲ್ಲ ಅಮ್ಮನನ್ನು ಕರೆಯುತ್ತಿದ್ದಳು. ಕೂಸನ್ನು ನನ್ನ ಪಕ್ಕ ಮಲಗಿಸಿದಾಗ ಯಾರ ಮುಖವೂ ಪೂರ್ತಿ ಕಾಣುತ್ತಿರಲಿಲ್ಲ. ಮಗಳು ಹುಟ್ಟಿದ ಖುಷಿಯನ್ನು ನಾನು ಯಾರ ಮುಖದಲ್ಲೂ ನೋಡಲಿಲ್ಲ. ಚಿಕ್ಕ ಮಾತು ಎನಿಸಬಹುದು. ನನಗೆ ಅದು ಇಂದಿಗೂ ಚಿಕ್ಕದಾಗಿಲ್ಲ.

ಮನೆಗೆ ಬಂದ ಎರಡನೆಯ ದಿನ ಅತ್ತೆಗೆ ಜ್ವರ. ಅವರು ಮಾಳಿಗೆಯ ಕೋಣೆ ಸೇರಿದರು, ಬದುಕಿ ಕೆಳಗಿಳಿಯಲು ಮೂರು ವಾರ ಹಿಡಿಯಿತು. ಕೂಸಿಗೆ ಎರೆಯುವವರಿಲ್ಲ. ಎರೆಯುವ ಮುದುಕಿ ಓಣಿಯಲ್ಲೇ ಇದ್ದರೂ ಅವಳನ್ನು ಕರೆಯಲು ನಮಗೆ ಭಯ, ಬರಲು ಅವಳಿಗೂ ಭಯ. ಅವ್ವ ಮೊಬೈಲಿನ ವಿಡಿಯೊದಲ್ಲಿ ತೋರಿಸಿದಂತೆ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ನಾನೇ ನೀರು ಹಾಕಿದೆ. ಹೊಲಿಗೆ ಹಾಕಿದ ಮೈ ಉರಿಯುತ್ತಿತ್ತು. ನೀರಿನಲ್ಲಿ ಕೂಸು ಜಾರಿತು. ಬೀಳಲಿಲ್ಲ, ಹಿಡಿದುಕೊಂಡೆ. ಅವತ್ತಿನಿಂದ ಅದನ್ನು ಮುಟ್ಟಲು ಕೈ ನಡುಗುತ್ತಿತ್ತು.

ನಮ್ಮ ಹಿರಿಯರು ಹೇಳುತ್ತಿದ್ದರು: ಹಸಿ ಬಾಣಂತಿಯನ್ನು ಒಬ್ಬಳನ್ನೇ ಬಿಡಬಾರದು. ದಿಂಬಿನ ಕೆಳಗೆ ಕಬ್ಬಿಣ ಇಡುತ್ತಾರೆ, ಗಾಳಿ ಸೋಕೀತು ಎಂದು ರಾತ್ರಿ ಒಬ್ಬರು ಬಾಗಿಲಿಗೆ ಅಡ್ಡ ಮಲಗುತ್ತಾರೆ. ಓದಿದವಳೆಂಬ ಜಂಬದಲ್ಲಿ ಇದೆಲ್ಲ ಮೂಢನಂಬಿಕೆ ಎಂದಿದ್ದೆ. ಕಬ್ಬಿಣದ ವಿಷಯ ಬಿಡಿ, ಆ ಬಾಗಿಲ ಬಳಿ ಮಲಗುವ ಹೆಂಗಸಿನ ಬೆಲೆ ನನಗೆ ಆ ಬೇಸಿಗೆಯಲ್ಲಿ ತಿಳಿಯಿತು. ಐದು ದಿನಕ್ಕೆ ಒಮ್ಮೆ ಬರುವ ದೊಡ್ಡಮ್ಮ, ಸಾಂಬ್ರಾಣಿ ಹಾಕುವ ಅತ್ತಿಗೆ, ತೊಟ್ಟಿಲಿಗೆ ಹಾಕುವ ದಿನ ಓಣಿಗೆ ಓಣಿಯೇ ಬಂದು ಜೋಗುಳ ಹಾಡುವುದು, ಇವರೆಲ್ಲ ತಮಗೆ ಗೊತ್ತಿಲ್ಲದೆಯೇ ಬಾಣಂತಿಯ ಮೇಲೆ ಒಂದು ಕಣ್ಣು ಇಟ್ಟಿರುತ್ತಾರೆ. ಹೆಣ್ಣು ಹುಟ್ಟಿತೆಂದು ಚುಚ್ಚುವವರೂ ಅದೇ ಗುಂಪಿನಲ್ಲಿ ಇರುತ್ತಾರೆ, ನಾನು ಬಲ್ಲೆ. ಆದರೂ ಅವರಲ್ಲಿ ಒಬ್ಬರಾದರೂ ‘ಇವಳು ಯಾಕೋ ಸರಿ ಇಲ್ಲ’ ಎಂದು ಗುರುತಿಸುತ್ತಿದ್ದರು. ಸಾಂಕ್ರಾಮಿಕ ಬಂದಾಗ ಈ ಕಾವಲನ್ನು ನಾವು ಒಂದೇ ಆದೇಶದಲ್ಲಿ ತೆಗೆದುಹಾಕಿದೆವು. ರೋಗ ಹರಡುತ್ತಿತ್ತು, ತೆಗೆಯಲೇಬೇಕಾಗಿತ್ತು ಎನ್ನಿ. ಅದರ ಜಾಗಕ್ಕೆ ಬೇರೆ ಏನನ್ನೂ ಇಡಲಿಲ್ಲ ಎಂಬುದೇ ನನ್ನ ದೂರು.

ನಮ್ಮ ಮನೆಯವರ ವಿಷಯ ಹೇಳಬೇಕು. ಎಂಟು ಮಷಿನುಗಳ ಮೇಲೆ ಸಾಲ ಇತ್ತು. ಆರ್ಡರ್ ನಿಂತಿತ್ತು, ಹೊಲಿದ ಮಾಲು ಕಟ್ಟಿಟ್ಟ ಹಾಗೆಯೇ ಬಿದ್ದಿತ್ತು, ಕೆಲಸದ ಹುಡುಗರು ಊರಿಗೆ ಹೋಗಿದ್ದರು. ಆದರೂ ಅವರು ದಿನವೂ ಬೆಳಿಗ್ಗೆ ಬೀಗದ ಕೈ ಹಿಡಿದುಕೊಂಡು ಎದುರಿನ ಕೋಣೆಗೆ ಹೋಗಿ, ಶಟರ್ ಅರ್ಧ ಇಳಿಸಿ ಕೂರುತ್ತಿದ್ದರು. ಕೆಲಸವಿಲ್ಲದಿದ್ದರೂ ಮಷಿನಿನ ಸದ್ದು ಬರುತ್ತಿತ್ತು. ಮಗಳ ಮುಖ ನೋಡಲು ಮನಸ್ಸಿಲ್ಲದೆ ಅಲ್ಲಿ ಕೂತಿದ್ದಾರೆ, ಹೆಣ್ಣಾಯಿತೆಂದು ಬೇಸರ, ಎಂದು ನಾನು ಲೆಕ್ಕ ಹಾಕಿಕೊಂಡೆ. ಸಾಲಗಾರನಾದ ಗಂಡನ ಬಗ್ಗೆ ನನಗೆ ನಾಚಿಕೆ, ಅದಕ್ಕೇ ಮುಖ ತಿರುಗಿಸುತ್ತೇನೆ, ಎಂದು ಅವರು ಲೆಕ್ಕ ಹಾಕಿಕೊಂಡಿದ್ದರು. ಇದೆಲ್ಲ ಪರಸ್ಪರ ತಿಳಿದದ್ದು ತಿಂಗಳುಗಳ ಮೇಲೆ.

ಒಂದು ಸಂಜೆ ಅವರು ಒಂದು ಕೌದಿ ತಂದರು. ಕೂಸಿನ ಕೌದಿಯನ್ನು ಅಜ್ಜಿ ಹೊಲಿಯಬೇಕು, ಉಟ್ಟು ಉಟ್ಟು ಮೆತ್ತಗಾದ ಸೀರೆಯಲ್ಲಿ. ಅಜ್ಜಿ ಹೊಳೆಯಾಚೆ ಇದ್ದಳಲ್ಲ, ಇವರು ಕತ್ತರಿಸಿ ಉಳಿದ ಜೀನ್ಸ್ ತುಂಡುಗಳನ್ನು ಜೋಡಿಸಿ ಹೊಲಿದಿದ್ದರು. ಕಡುನೀಲಿ, ತಿಳಿನೀಲಿ, ಕಪ್ಪು ಚೌಕಗಳು. ನಾಲ್ಕು ಮೂಲೆಗೂ ನಾಲ್ಕು ಕುಚ್ಚು. ಅಷ್ಟು ದಿನ ಮಷಿನಿನ ಸದ್ದು ಬರುತ್ತಿದ್ದುದು ಅದರದು. ನಾನು ಮುಟ್ಟಿ ನೋಡಿ, ‘ಇದು ಗೋಣಿಚೀಲದ ಹಾಗಿದೆ, ಕೂಸಿನ ಮೈ ಗೀರಿಬಿಡುತ್ತದೆ, ಅಷ್ಟೂ ತಿಳಿಯುವುದಿಲ್ಲವೇ’ ಎಂದು ಕೂಗಿದೆ. ಅವರು ಒಂದು ಮಾತೂ ಆಡದೆ ಅದನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು. ಅದಾದ ಮೇಲೆ ಹನ್ನೊಂದು ದಿನ ನಾವು ನೇರವಾಗಿ ಮಾತನಾಡಲಿಲ್ಲ. ಹೇಳಬೇಕಾದ್ದನ್ನು ಕೂಸಿಗೆ ಹೇಳುತ್ತಿದ್ದೆವು. ‘ನಿಮ್ಮಪ್ಪನಿಗೆ ಅನ್ನ ಆಗಿದೆ ಎಂದು ಹೇಳು’, ‘ನಿಮ್ಮವ್ವನಿಗೆ ಮಾತ್ರೆ ತಂದಿದ್ದೇನೆ ಎಂದು ಹೇಳು.’

ರಾತ್ರಿ ಹಾಲು ಕುಡಿಸುವಾಗ ಮೊಬೈಲ್ ನೋಡುತ್ತಿದ್ದೆ. ಆಮ್ಲಜನಕಕ್ಕಾಗಿ ಓಡಾಡುವವರು, ಸುಡುಗಾಡಿನ ಸಾಲು. ಹಿಂದಿನ ವರ್ಷ ಜೂನ್ ಕೊನೆಯಲ್ಲಿ ನಮ್ಮದೇ ಜಿಲ್ಲೆಯಲ್ಲಿ ಕೋವಿಡ್‌ನಿಂದ ತೀರಿಹೋದವರ ದೇಹಗಳನ್ನು ಗುಂಡಿಗೆ ಎಸೆದ ವಿಡಿಯೊ ಬಂದಿತ್ತು, ಜಿಲ್ಲಾಡಳಿತ ಕ್ಷಮೆ ಕೇಳಿತ್ತು. ಕಣ್ಣು ಮುಚ್ಚಿದರೆ ಆ ಗುಂಡಿಯೇ ಕಾಣುತ್ತಿತ್ತು. ಕೂಸು ಮಲಗಿದರೂ ನನಗೆ ನಿದ್ದೆ ಇಲ್ಲ. ಅಳದಿದ್ದರೂ ಅಳುವ ಸದ್ದು ಕಿವಿಯಲ್ಲಿ. ಇದು ನನ್ನ ಮಗಳು ಎಂಬ ಭಾವ ಎದೆಯಲ್ಲಿ ಹುಟ್ಟುತ್ತಲೇ ಇರಲಿಲ್ಲ, ಹುಟ್ಟುತ್ತಿಲ್ಲವಲ್ಲ ಎಂಬ ಅಪರಾಧಭಾವ ಮಾತ್ರ ದಿನವೂ ಬೆಳೆಯುತ್ತಿತ್ತು. ಒಂದು ಹಂತದಲ್ಲಿ ಅತ್ತೆಗೆ ಊಟ ಇಡಲು ಮಾಳಿಗೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟೆ. ಮೇಲೆ ಹೋದರೆ ಏನು ಮಾಡಿಕೊಳ್ಳುತ್ತೇನೋ ಎಂದು ನನಗೆ ನನ್ನದೇ ಭಯ. ಅದನ್ನು ಯಾರಿಗೂ ಹೇಳದೆ, ಮೆಟ್ಟಿಲು ಹತ್ತಿದರೆ ಹೊಲಿಗೆ ನೋಯುತ್ತದೆ ಎಂದೆ.

ನಮ್ಮ ಕಡೆ ಇದಕ್ಕೆಲ್ಲ ಇರುವ ಹೆಸರು ಒಂದೇ, ಬಾಣಂತಿ ಸನ್ನಿ. ಆ ಹೆಸರು ಕೇಳಿದರೆ ದೃಷ್ಟಿ ತೆಗೆಯುವವರ ಬಳಿ, ತಾಯತದವರ ಬಳಿ ಓಡುತ್ತಾರೆ. ಮೂರು ಬೇರೆ ಬೇರೆ ಸ್ಥಿತಿಗಳು ಈ ಒಂದೇ ಹೆಸರಿನಲ್ಲಿ ಸೇರಿಹೋಗಿವೆ ಎಂದು ನನಗೆ ಆಮೇಲೆ ವೈದ್ಯರು ತಿಳಿಸಿದರು. ಹೆರಿಗೆಯ ಮೊದಲ ವಾರದಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ತಾನಾಗಿಯೇ ಹೋಗುತ್ತದೆ. ಎರಡು ವಾರ ದಾಟಿಯೂ ಬೇಸರ, ನಿದ್ದೆಗೇಡು, ತಪ್ಪಿತಸ್ಥ ಭಾವ ಬಿಡದಿದ್ದರೆ ಅದು ಖಿನ್ನತೆ, ಚಿಕಿತ್ಸೆ ಬೇಕಾದ ಕಾಯಿಲೆ. ನಿಜವಾದ ಸನ್ನಿ ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಇಲ್ಲದ ದನಿ ಕೇಳಿಸುತ್ತದೆ, ಮಾತು ದಿಕ್ಕೆಡುತ್ತದೆ, ಅಂಥವರನ್ನು ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಖಿನ್ನತೆ ಅಷ್ಟು ಅಪರೂಪವಲ್ಲ. ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನೂರು ತಾಯಂದಿರಲ್ಲಿ 22 ಜನರಿಗೆ ಅದು ಇತ್ತು. ಕೋವಿಡ್ ಬರುವ ಮೊದಲಿನ ಮಾತು ಅದು. ಗಂಡಸರಿಗೂ ಬರುತ್ತದೆ, ಬೇರೆ ಬೇರೆ ದೇಶಗಳ ಅಧ್ಯಯನಗಳ ಪ್ರಕಾರ ಹೊಸದಾಗಿ ತಂದೆಯಾದ ಹತ್ತರಲ್ಲಿ ಒಬ್ಬರಿಗೆ. ನಮ್ಮಲ್ಲಿ ಗಂಡಸಿನ ಖಿನ್ನತೆ ಅಳುವಿನ ರೂಪದಲ್ಲಿ ಬರುವುದು ಕಡಿಮೆ. ಸಿಟ್ಟಿನ ರೂಪದಲ್ಲಿ, ಕುಡಿತದ ರೂಪದಲ್ಲಿ, ಅರ್ಧ ಇಳಿಸಿದ ಶಟರಿನ ರೂಪದಲ್ಲಿ ಬರುತ್ತದೆ.

ನಮ್ಮನ್ನು ಉಳಿಸಿದ್ದು ನಿಮ್ಮದೇ ಇಲಾಖೆಯ ಒಬ್ಬ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆತ್ತ ತಾಯಿಯ ಮನೆಗೆ ಆಶಾ ಆರು ಬಾರಿ ಬರಬೇಕು: 3, 7, 14, 21, 28 ಮತ್ತು 42ನೆಯ ದಿನ. ಅವರು ಬಂದರು. ಸೋಂಕಿತರ ಮನೆಗಳ ಸಮೀಕ್ಷೆ, ಆಮ್ಲಜನಕದ ಮಟ್ಟ ನೋಡುವುದು, ಲಸಿಕೆಯ ಪಟ್ಟಿ ಇಷ್ಟೆಲ್ಲದರ ನಡುವೆಯೂ ಬಂದರು. ಗೇಟಿನ ಹೊರಗೆ ನಿಂತು ಕೂಸು ಹಾಲು ಕುಡಿಯುತ್ತದೆಯೇ, ಹೊಕ್ಕುಳು ಒಣಗಿದೆಯೇ, ಮೈ ಬಿಸಿ ಇದೆಯೇ ಎಂದು ಕೇಳಿ ಬರೆದುಕೊಂಡು ಹೋಗುತ್ತಿದ್ದರು. 42ನೆಯ ದಿನ ಮಾತ್ರ ಬರೆಯುವುದು ಮುಗಿದ ಮೇಲೂ ಹೋಗಲಿಲ್ಲ. ಪುಸ್ತಕ ಮುಚ್ಚಿ, ಮಾಸ್ಕ್ ಸರಿಪಡಿಸಿಕೊಂಡು, ನನ್ನ ಮುಖ ನೋಡಿ ಕೇಳಿದರು: ‘ಅಕ್ಕಾ, ನೀವು ಮಲಗುತ್ತೀರೋ ಇಲ್ಲವೋ?’

ನಲವತ್ತೆರಡು ದಿನಗಳಲ್ಲಿ ನನ್ನ ಬಗ್ಗೆ ಯಾರಾದರೂ ಕೇಳಿದ ಮೊದಲ ಮಾತು ಅದು. ನಾನು ಗೇಟು ಹಿಡಿದುಕೊಂಡು ಅಲ್ಲಿಯೇ ಕುಸಿದು ಕೂತೆ. ಮೆಟ್ಟಿಲಿನ ವಿಷಯವೂ ಬಾಯಿಗೆ ಬಂತು. ಎದುರಿನ ಶಟರಿನ ಒಳಗಿಂದ ನಮ್ಮ ಮನೆಯವರು ಎಲ್ಲ ಕೇಳಿಸಿಕೊಂಡರಂತೆ. ಆ ರಾತ್ರಿ ಅವರೇ ಕೂಸನ್ನು ಎತ್ತಿಕೊಂಡು ಬೆಳಗಿನ ತನಕ ಓಡಾಡಿದರು.

ಆ ಆಶಾ ಹೇಳಿದಂತೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಹೋದೆವು. ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲದ ಮಾತ್ರೆ ಕೊಟ್ಟರು, ಇಬ್ಬರನ್ನೂ ಕೂರಿಸಿ ಮಾತನಾಡಿಸಿದರು. ಆ ವೈದ್ಯರೇ ಒಂದು ದಿನ ಹೇಳಿದ ಸಂಗತಿ ನನ್ನ ತಲೆಯಿಂದ ಹೋಗಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಮಾನಸಿಕ ಕಾಯಿಲೆಯವರಿಗೆ ಹಳ್ಳಿಯಲ್ಲಿಯೇ ಚಿಕಿತ್ಸೆ ಕೊಡಬಹುದೇ ಎಂದು ನೋಡಲು ಒಂದು ಜಿಲ್ಲೆಯನ್ನು ಆರಿಸಿಕೊಂಡಿತು. ಅದು ನಮ್ಮ ಬಳ್ಳಾರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾತ್ರೆಯನ್ನು ಹಳ್ಳಿಯ ಹತ್ತಿರವೇ ಸಿಗುವಂತೆ ಮಾಡಿದರು. ಅದು ಗೆದ್ದಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದ್ದು ಇದೇ ಮಾದರಿಯ ಮೇಲೆ, ಅದನ್ನು ದೇಶವೆಲ್ಲ ಕರೆಯುವುದು ‘ಬಳ್ಳಾರಿ ಮಾದರಿ’ ಎಂದು. ಗಣಿಯ ಧೂಳಿಗೆ, ಬಿಸಿಲಿಗೆ, ರಾಜಕೀಯಕ್ಕೆ ನಮ್ಮ ಊರಿನ ಹೆಸರು ಎಳೆದು ತರುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ. ಅದೇ ಬಳ್ಳಾರಿಯಲ್ಲಿ ಒಬ್ಬ ಬಾಣಂತಿ ನಲವತ್ತೆರಡು ದಿನ ಮೆಟ್ಟಿಲಿಗೆ ಹೆದರಿಕೊಂಡು ಕೂತಿದ್ದಳು ಎಂಬುದನ್ನೂ ಹೇಳಬೇಕಾಗುತ್ತದೆ.

ಆದ್ದರಿಂದ ಬೇಡಿಕೊಳ್ಳುವುದು ಇಷ್ಟು. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಹತ್ತು ಪ್ರಶ್ನೆಗಳ ಒಂದು ಹಾಳೆ ಇದೆ. ಎಡಿನ್‌ಬರೋದಲ್ಲಿ ರೂಪಿಸಿದ್ದು, 1987ರಿಂದ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ, ಕನ್ನಡದಲ್ಲಿಯೂ ಬಳಸಿದ್ದಾರೆ. ಕಳೆದ ಏಳು ದಿನ ನಗು ಬಂತೇ, ಅಳು ಬಂತೇ, ನಿದ್ದೆ ಕೆಟ್ಟಿತೇ, ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಸುಳಿಯಿತೇ ಎಂಬಂಥ ಪ್ರಶ್ನೆಗಳು. ಐದು ನಿಮಿಷದ ಕೆಲಸ. ಆಶಾ ಭೇಟಿಯ 14ನೆಯ ಮತ್ತು 42ನೆಯ ದಿನ, ಆಮೇಲೆ ಕೂಸಿಗೆ ಲಸಿಕೆ ಹಾಕಿಸಲು ಬರುವ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಇದನ್ನು ಕೇಳಿಸಿ. ಕನ್ನಡದಲ್ಲಿ ಮಾತ್ರ ಅಚ್ಚು ಹಾಕಿಸಿ ಕೈ ತೊಳೆದುಕೊಳ್ಳಬೇಡಿ. ನಮ್ಮ ಓಣಿಯಲ್ಲಿ ಅರ್ಧ ಜನ ಅಳುವುದು ತೆಲುಗಿನಲ್ಲಿ, ಉರ್ದುವಿನಲ್ಲಿ. ಓದಲು ಬಾರದವರಿಗೆ ಕೂತು ಓದಿ ಹೇಳಬೇಕು, ಮತ್ತು ಅತ್ತೆಯ ಎದುರಿಗೆ ಓದಬಾರದು.

ಈ ಕೆಲಸವನ್ನು ಆಶಾಗಳ ತಲೆಯ ಮೇಲೆ ಬಿಟ್ಟಿಯಾಗಿ ಹೇರಬೇಡಿ. ಸಾಂಕ್ರಾಮಿಕದ ನಡುವೆಯೇ, 2020ರ ಜುಲೈನಲ್ಲಿ, ಅವರು ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಮುಷ್ಕರ ಕೂರಬೇಕಾಯಿತು. ನನ್ನನ್ನು ಕೇಳಿದ ಆ ಒಂದು ಮಾತಿಗೆ ಅವರ ಪುಸ್ತಕದಲ್ಲಿ ಕಾಲಂ ಇರಲಿಲ್ಲ, ಆದ್ದರಿಂದ ಸಂಭಾವನೆಯೂ ಇರಲಿಲ್ಲ. ಕಾಲಂ ಸೇರಿಸಿ, ಹಣವನ್ನೂ ಸೇರಿಸಿ, ಮೊದಲು ತರಬೇತಿ ಕೊಡಿ. ಕೇಳಿದ ಮೇಲೆ ಎಲ್ಲಿಗೆ ಕಳಿಸಬೇಕೆಂಬುದೂ ಅವರಿಗೆ ಗೊತ್ತಿರಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನಸ್ಸಿನ ಕಾಯಿಲೆಗೆ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಎಂಬುದು ಇದೆ. ನನ್ನ ಗೆಳತಿಯರಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತನಾಡುತ್ತಾರೆ, ದುಡ್ಡಿಲ್ಲ. ಆ ಐದು ಅಂಕಿಗಳನ್ನು ಪ್ರತಿಯೊಂದು ತಾಯಿ ಕಾರ್ಡಿನ ಹೊರ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿಸಲು ಎಷ್ಟು ಖರ್ಚಾದೀತು?

ಗಂಡನನ್ನು ಒಳಗೆ ಕರೆಯಿರಿ. ಲಸಿಕೆಯ ದಿನ ಅಂಗನವಾಡಿಯ ಹೊರಗೆ ಬೈಕಿನ ಮೇಲೆ ಕೂತು ಮೊಬೈಲ್ ನೋಡುವ ಗಂಡಸರಿರುತ್ತಾರೆ. ಅವರನ್ನು ಐದು ನಿಮಿಷ ಕೂರಿಸಿ ನಿದ್ದೆಯ ಬಗ್ಗೆ, ಸಾಲದ ಬಗ್ಗೆ, ಸಿಟ್ಟಿನ ಬಗ್ಗೆ ಕೇಳಲಿ. ಸರ್ಕಾರಿ ನೌಕರರಿಗೆ 15 ದಿನದ ಪಿತೃತ್ವ ರಜೆ ಇದೆ. ಜೀನ್ಸ್ ಹೊಲಿಯುವವರಿಗೆ, ಗಣಿ ಲಾರಿ ಓಡಿಸುವವರಿಗೆ, ಅಕ್ಕಿ ಗಿರಣಿಯ ಹಮಾಲರಿಗೆ ಒಂದು ದಿನದ್ದೂ ಇಲ್ಲ. ಅದನ್ನು ಜಿಲ್ಲಾಡಳಿತ ಬದಲಾಯಿಸಲಾರದು ಎಂದು ಬಲ್ಲೆ. ಕೇಳುವುದನ್ನಂತೂ ಮಾಡಬಹುದು.

ಇನ್ನೊಂದು, ಸ್ವಲ್ಪ ದೊಡ್ಡದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ನಿಮ್ಹಾನ್ಸ್ 2009ರಲ್ಲಿಯೇ ತಾಯಿ ಮತ್ತು ಕೂಸು ಒಟ್ಟಿಗೆ ಇರುವ ವಾರ್ಡ್ ತೆರೆಯಿತು. ಆದರೆ ಅದು ಬಳ್ಳಾರಿಯಿಂದ ಸುಮಾರು 300 ಕಿಲೋಮೀಟರ್ ದೂರ, ಸಿಂಧನೂರಿನಿಂದ ಇನ್ನೂ ದೂರ. ಸನ್ನಿ ಬಂದ ತಾಯಿಯನ್ನು ಹಸುಗೂಸಿನೊಂದಿಗೆ ರಾತ್ರಿ ರೈಲಿನಲ್ಲಿ ಒಯ್ಯುವುದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕಲ್ಯಾಣ ಕರ್ನಾಟಕಕ್ಕೆಂದು ಪ್ರತ್ಯೇಕ ಮಂಡಳಿ ಇದೆ, ಹಣ ಇದೆ. ಬಳ್ಳಾರಿಯಲ್ಲಿ ನಾಲ್ಕು ಮಂಚದ ಒಂದು ವಾರ್ಡ್ ಮಾಡಿದರೆ ರಾಯಚೂರು, ಕೊಪ್ಪಳ, ವಿಜಯನಗರದ ತಾಯಂದಿರೂ ಬಂದಾರು.

ಮತ್ತೆ ಸಾಂಕ್ರಾಮಿಕ ಬಂದರೆ? ಬಾರದಿರಲಿ. ಬಂದರೆ, ಮೊದಲ ಆದೇಶದಲ್ಲಿಯೇ ಬಾಣಂತಿಯ ಜೊತೆಗಾರ್ತಿಗೆ ಪಾಸ್ ಕೊಡಿ. ಹೆರಿಗೆ ಕೋಣೆಯಲ್ಲಿ ಪರೀಕ್ಷೆ ಮಾಡಿಸಿದ ಒಬ್ಬರಿಗೆ ಮಾಸ್ಕ್ ತೊಡಿಸಿ ಜಾಗ ಕೊಡಿ. ಸೋಂಕಿತ ತಾಯಿಯೇ ಮಾಸ್ಕ್ ಹಾಕಿಕೊಂಡು, ಕೈ ತೊಳೆದುಕೊಂಡು ಕೂಸಿಗೆ ಎದೆಹಾಲು ಕುಡಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದಾಗ, ಸೋಂಕಿಲ್ಲದ ಒಬ್ಬ ಅವ್ವ ಮಂಚದ ಪಕ್ಕ ನಿಲ್ಲುವುದು ಹೇಗೆ ಅಪಾಯವಾಗುತ್ತಿತ್ತು? 2024ರ ನವೆಂಬರ್‌ನಲ್ಲಿ ಇದೇ ಊರಿನಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ಇತ್ತ ತಿರುಗಿ ನೋಡಿತು. ಆ ಮನೆಗಳಲ್ಲಿ ಉಳಿದ ತಂದೆಯರನ್ನು, ಆ ಕೂಸುಗಳನ್ನು ಸಾಕುತ್ತಿರುವ ಅಜ್ಜಿಯರನ್ನು ಇಂದಿಗೂ ಯಾರಾದರೂ ಹೋಗಿ ಮಾತನಾಡಿಸುತ್ತಿದ್ದಾರೆಯೇ? ಇಲ್ಲವಾದರೆ ಅಲ್ಲಿಂದಲೇ ಆರಂಭಿಸಿ.

ಈ ಪತ್ರವನ್ನು ಕಳಿಸುವ ಮೊದಲು ನಮ್ಮ ಮನೆಯವರಿಗೆ ಓದಲು ಕೊಟ್ಟೆ. ಕೌದಿಯ ವಿಷಯ ತೆಗೆಯಬೇಕೇ ಎಂದು ಕೇಳಿದೆ, ಇರಲಿ ಎಂದರು. ಕೊನೆಗೆ ಪೆನ್ನು ತೆಗೆದುಕೊಂಡು ಅವರೇ ಬರೆದ ಸಾಲುಗಳಿವು: ‘ಆಸ್ಪತ್ರೆಯ ಬಾಗಿಲಲ್ಲಿ ನನ್ನಿಂದ ಆಧಾರ್ ಪ್ರತಿ ಕೇಳಿದರು, ಸಹಿ ಕೇಳಿದರು, ಫೋನ್ ನಂಬರ್ ಕೇಳಿದರು. ನೀವು ಹೇಗಿದ್ದೀರಿ ಎಂದು ಮೊದಲು ಕೇಳಿದ್ದು ಮನೋವೈದ್ಯರು. ಆಗ ಮಗಳಿಗೆ ಎರಡು ತಿಂಗಳು. ನನಗೆ ಉತ್ತರ ಕೊಡಲು ಆಗಲಿಲ್ಲ, ಅತ್ತುಬಿಟ್ಟೆ.’

ಆಶಾ ಕಾರ್ಯಕರ್ತೆಯರ ತರಬೇತಿ ನಡೆಸುವುದಾದರೆ ನಾವಿಬ್ಬರೂ ಬಂದು ಅವರ ಮುಂದೆ ಕೂತು ಇದನ್ನೆಲ್ಲ ಹೇಳಲು ಸಿದ್ಧರಿದ್ದೇವೆ. ಭಾನುವಾರವಾದರೆ ಒಳ್ಳೆಯದು. ಉಳಿದ ದಿನ ಮಷಿನುಗಳು ನಡೆಯುತ್ತಿರುತ್ತವೆ.

ಇಂತಿ,
ಒಬ್ಬ ತಾಯಿ
ಕೌಲ್ ಬಜಾರ್, ಬಳ್ಳಾರಿ